ಮಿರ್ತೊ ಮನೆಯ ಎಣ್ಣೆ ಗುಡಾಣ

ಹೇಳ್ತೀನಿ ಕಣೇ, ಮೊದಲು ಒಲೆ ಮುಟ್ಟಿ ಆಣೆ ಮಾಡು. ಯಾರ ಕಿವಿಗೂ ಬೀಳ್ಬಾರ್ದು. ಸರಿ, ಕೇಳು.

ಈಗಿನ ರಾಜ ತೊಟ್ಟಿಲಲ್ಲಿ ಉಚ್ಚೆ ಹೊಯ್ಕೊಂಡು ಮಲಗಿದ್ದ ಕಾಲ. ಯವನರ ಕಡಲತಡಿಯ ನಮ್ಮ ಈ ಕೆರಾಮ ರಾಜ್ಯದಲ್ಲಿ ಕ್ರೋಬಿಲ ಅಂತ ಒಬ್ಬ ಮಾಂತ್ರಿಕ ಇದ್ದ. ತನಗೆ ತಲೆಬಾಗದವರನ್ನ ಚಿತ್ರ ಮಾಡಿ ಹೂಜಿಗೆ ಅಂಟಿಸಿಬಿಡ್ತಿದ್ದ. ಕುಂಬಾರಗಿತ್ತಿ ಮಿರ್ತೊ ಗಂಡ ಫಿಲೋನನ್ನೂ ಅಂಟಿಸ್ದ. ಫಿಲೋನ ಶೂರ ಏನಲ್ಲ. ಬಾಯಿ ಜಾಸ್ತಿ. ಮಾಂತ್ರಿಕನ ಗಡ್ಡ ಹೋತನ ಗಡ್ಡ ಅಂದಿದ್ದ, ಅಷ್ಟೆ.

ಮಿರ್ತೊ ಹೋಗಿ ಗಂಡನ್ನ ಬಿಡು ಅಂದ್ಲು.

"ಅವನನ್ನ ಹಸಿ ಹೂಜಿಗೆ ದಾಟಿಸ್ತೀನಿ, ನಾನು ಹೇಳಿದ ಮೃಗಾನ ಅವನ ಪಕ್ಕ ಬರಿ. ಸುಟ್ಟ ಮೇಲೆ ಚಿತ್ರಕ್ಕೆ ಜೀವ ಬರುತ್ತೆ. ಮೂರು ಸಲ ಅವನು ಉಳಿದ್ರೆ ಗಂಡ ನಿನ್ನೋನು," ಅಂದ ಕ್ರೋಬಿಲ.

ಹಸಿ ಹೂಜಿ ಮೇಲೆ ಚಿತ್ರ ಬರೆಯೋದೂ ನೀರಲ್ಲಿ ಕದಡಿದ ಮಣ್ಣಿನ ತಿಳೀಲೇ. ಒಣಗಿದ್ರೆ ಎರಡೂ ಒಂದೇ ಬಣ್ಣ. ಆವಿಗೇಲಿ ಹೊಗೆ ಕುಡಿದ ಮೇಲೇ ಕಪ್ಪಗೆ ಎದ್ದು ಕಾಣೋದು. ಅಲ್ಲೀವರೆಗೆ ಬರೆದೋಳಿಗೆ ಬಿಟ್ರೆ ಯಾರಿಗೂ ತಿಳಿಯಲ್ಲ.

ಮೊದಲು ಸಿಂಹ ಅಂದ. ಬರೆದ್ಲು, ಹಲ್ಲು ಮಾತ್ರ ಬರೀಲಿಲ್ಲ. ಜೀವ ಬಂದ ಸಿಂಹ ಫಿಲೋನನ ಮೊಣಕೈ ಚೀಪಿ ಸುಮ್ಮನಾಯ್ತು. ಕ್ರೋಬಿಲ ಫಿಲೋನನ್ನ ಇನ್ನೊಂದು ಹೂಜಿಗೆ ದಾಟಿಸಿ, ಮೂರು ತಲೆ ಹಾವು ಅಂದ. ಮೂರು ಕತ್ತನ್ನೂ ಜಡೆ ಹಂಗೆ ಹೆಣೆದಿಟ್ಲು. ಹಾವು ಬಿಡಿಸ್ಕೊಳ್ಳೋದ್ರಲ್ಲೇ ಸುಸ್ತು.

ಕ್ರೋಬಿಲನಿಗೆ ಹೊಟ್ಟೆ ಉರೀತು. ಈ ಸಲ ದೊಡ್ಡ ಹಸಿ ಗುಡಾಣ ತರಿಸಿ ಫಿಲೋನನ್ನ ಅದರ ಮುಂಬದಿಗೆ ದಾಟಿಸ್ದ. ಗೂಳಿತಲೆ ರಾಕ್ಷಸ ಬೇಕು, ಹಿಂಬದಿಗೆ ಸಿಂಹಾಸನದ ಮೇಲೆ ಕೂತು ನೋಡೋ ಹಂಗೆ ನಾನೂ ಬೇಕು ಅಂದ. ಬಿಂಕ ನೋಡು ಅವನ್ದು. ಬರೆದು ಒಣಗಿಸಿದ ಮೇಲೆ ಬಗ್ಗಿ ಬಗ್ಗಿ ನೋಡ್ದ. ಏನು ಕಾಣುತ್ತೆ, ಮಣ್ಣು.

"ಕೊಂಬು ಎರಡೂ ಬರೆದಿದ್ದೀಯ ತಾನೆ?"

"ಚೂಪಾಗೇ ಬರೆದಿದ್ದೀನಿ ಸ್ವಾಮಿ," ಅಂದ್ಲು ಮಿರ್ತೊ.

ಸುಳ್ಳೇನಲ್ಲ. ಮುಖ ಯಾವ ಕಡೆಗೆ ಅಂತ ಅವನು ಕೇಳ್ಲಿಲ್ಲ.

ಆವಿಗೆ ತೆಗೆದ್ರು. ರಾಕ್ಷಸ ಫಿಲೋನನಿಗೆ ಬೆನ್ನು ಹಾಕಿ ನಿಂತಿದ್ದ. ಗುಡಾಣ ದುಂಡಗಿರುತ್ತಲ್ಲ, ನೆಟ್ಟಗೆ ಸಿಂಹಾಸನದ ಕಡೆ ನುಗ್ಗಿದ. ತನ್ನ ಚಿತ್ರಕ್ಕೂ ಜೀವ ಬರುತ್ತೆ ಅಂತ ಕ್ರೋಬಿಲನಿಗೆ ಆಗ ಹೊಳೀತು. ಚಿತ್ರಕ್ಕೆ ಜೀವ ಬೇಕಲ್ಲ, ಹೊರಗೆ ನಿಂತಿದ್ದ ಅವನನ್ನೇ ಗುಡಾಣದ ಮೇಲಿನ ಆ ಚಿತ್ರ ತನ್ನೊಳಕ್ಕೆ ಎಳ್ಕೊಳ್ತು. ಹಿಡಿದಿಡೋನೇ ಒಳಗಾದ ಮೇಲೆ ಗುಡಾಣದಿಂದ ಫಿಲೋನ, ಸಾಲಾಗಿಟ್ಟಿದ್ದ ಹೂಜಿಗಳಿಂದ ಜನ ಒಬ್ಬೊಬ್ಬರಾಗಿ ಇಳಿದು ಮನೆಮನೆಗೆ ಹೋಗಿ ಉಂಡ್ರು. ಊರೇ ಸುಖವಾಗಿದೆ. ಫಿಲೋನನ ಬಾಯಿ ಮಾತ್ರ ಹಂಗೇ ಇದೆ.

ಆ ಗುಡಾಣ ಎಲ್ಲಿದೆ ಗೊತ್ತಾ? ಮಿರ್ತೊ ಅಡುಗೆಮನೇಲಿ, ಎಣ್ಣೆ ತುಂಬಿಟ್ಟಿದಾಳೆ. ನೆಂಟರು ಬಂದ್ರೆ ಬಟ್ಟೆ ಹೊದಿಸ್ತಾಳೆ. ಕಿವಿ ಇಟ್ರೆ ಇವತ್ತಿಗೂ ಮುಂದೊಬ್ಬ, ಹಿಂದೊಬ್ಬ ಓಡೋ ಸದ್ದು ಕೇಳುತ್ತೆ. ನಾನು ಹೋದ ವಾರ ಎಣ್ಣೆ ಸಾಲಕ್ಕೆ ಹೋದಾಗ ಬಟ್ಟೆ ಎತ್ತಿ...

ಶ್, ಬಾಗಿಲಲ್ಲಿ ಯಾರೋ ಬಂದ್ರು. ಕೈಯೆಲ್ಲ ಮಣ್ಣು. ಅವಳೇ ಕಣೇ. ನನ್ನ ಮುಖಾನೇ ನೋಡ್ತಿದಾಳೆ, ಆ ಕುಂಚ ಯಾಕೆ ತಂದಿದಾಳೆ...