ಥಾರ್ನ್‌ಬೆಕ್ ದೊರೆಯ ಪ್ರಶಂಸಾಪತ್ರ

2022ರ ನವೆಂಬರ್ 14, ಸೋಮವಾರ, ಬೆಳಿಗ್ಗೆ 9.20. ಅಮೆರಿಕದ ಸೆಂಟರ್‌ವಿಲ್ ಭಾಗದ ಪೊಲೀಸ್ ಠಾಣೆಗೆ ವಜೀಹಾ ಎಂಬ ಮೂವತ್ತೊಂದರ ಹೆಂಗಸು ಬಂದಳು. ಕನ್ನಡ ಬರುವ ಡಿಟೆಕ್ಟಿವ್ ಇದ್ದಾರಂತಲ್ಲ, ಅವರನ್ನೇ ಕಾಣಬೇಕು ಎಂದು ಹಟ ಹಿಡಿದು ಕೂತಳು. ಆ ಡಿಟೆಕ್ಟಿವ್ ಹರಿಣಿ. ಹನ್ನೊಂದನೆಯ ವಯಸ್ಸಿಗೆ ಮೈಸೂರು ಬಿಟ್ಟವಳು, ಪೊಲೀಸ್ ಕೆಲಸದಲ್ಲಿ ಹದಿನಾಲ್ಕು ವರ್ಷ ಸವೆಸಿದವಳು.

ವಜೀಹಾಳ ಗಂಡ ಅರ್ಷದ್, ಸಾಫ್ಟ್‌ವೇರ್ ಎಂಜಿನಿಯರ್. ಶನಿವಾರ ಮಧ್ಯಾಹ್ನ 12.40ಕ್ಕೆ ಪಾರ್ಕಿನ ಹೊಳೆಗೆ ಇಳಿಯುವ ಕಲ್ಲುಮೆಟ್ಟಿಲ ಬುಡದಲ್ಲಿ ಅವನ ಹೆಣ ಸಿಕ್ಕಿತ್ತು. ತಲೆ ಒಡೆದಿತ್ತು. ಸ್ಥಳಕ್ಕೆ ಹೋದ ಆಫೀಸರ್ ಡೂಲಿ ‘ಒದ್ದೆ ಎಲೆ, ಕಾಲು ಜಾರಿರಬಹುದು’ ಎಂದು ಬರೆದು ಕೈತೊಳೆದುಕೊಂಡಿದ್ದ.

"ಜಾರಿ ಬಿದ್ದಿಲ್ಲ ಮೇಡಂ ಅವರು," ಎಂದಳು ವಜೀಹಾ.

"ಹೇಗೆ ಹೇಳ್ತೀರಿ?"

"ಆಫೀಸ್ ಶೂ ಹಾಕ್ಕೊಂಡು ಯಾರು ವಾಕ್ ಹೋಗ್ತಾರೆ? ಆಮೇಲೆ ಡಬ್ಬಿ ಇಲ್ಲ."

"ಯಾವ ಡಬ್ಬಿ?"

"ಸ್ಟೀಲ್ ಡಬ್ಬಿ. ಮುರಳೀಧರ ಅಂಕಲ್‌ನ ಮೀಟ್ ಮಾಡ್ತೀನಿ ಅಂತ ಹೊರಟ್ರು. ಉಷಾ ಆಂಟಿಗೆ ಅಂತ ಕೊಬ್ಬರಿ ಮಿಠಾಯಿ ತುಂಬಿಸಿ ಕೊಟ್ಟೆ. ಮುಚ್ಚಳದ ಮೇಲೆ ನಮ್ಮತ್ತೆ ಹೆಸರು ಕೆತ್ತಿಸಿದೆ, ಹಾಜಿರಾ ಅಂತ. ಗುರುವಾರ ತಾನೇ ಮೈಸೂರಿಂದ ಬಂದೋರ ಕೈಲಿ ಅತ್ತೆ ಕಳಿಸಿದ್ರು."

ಹರಿಣಿ ಅರ್ಷದನ ಕಾರಿನ ತಪಾಸಣಾ ಪಟ್ಟಿ ತೆಗೆದಳು. ನಮ್ಮೂರಲ್ಲಾದರೆ ಪಂಚನಾಮೆ ಅನ್ನುತ್ತಿದ್ದರು. ಲ್ಯಾಪ್‌ಟಾಪ್, ಛತ್ರಿ, ನೀರಿನ ಬಾಟಲಿ. ಡಬ್ಬಿ ಇರಲಿಲ್ಲ.

"ಗಂಡನ ವೀಸಾ ಹೋಯ್ತು, ನಂದೂ ಹೋಯ್ತು. ಎರಡು ತಿಂಗಳಲ್ಲಿ ಊರಿಗೆ ಹೊರಡಬೇಕು ಅಂದ್ರು ಲಾಯರ್. ಹೋಗ್ತೀನಿ. ಆದ್ರೆ ಅತ್ತೆ ಕೇಳಿದ್ರೆ ಏನು ಹೇಳ್ಲಿ? ಕಾಲು ಜಾರಿ ಸತ್ರು ಅಂತ ಸುಳ್ಳು ಹೇಳ್ಲಾ?"

ಠಾಣೆಯ ಮೇಲಧಿಕಾರಿ ಲೆಫ್ಟಿನೆಂಟ್ ಸಾಹೇಬರು ಹರಿಣಿಗೆ ಶುಕ್ರವಾರದ ತನಕ ಗಡುವು ಕೊಟ್ಟರು. ಅಷ್ಟರೊಳಗೆ ಏನೂ ಸಿಗದಿದ್ದರೆ ಅಪಘಾತವೆಂದು ಫೈಲು ಮುಚ್ಚಬೇಕು.

ಮಂಗಳವಾರ, ನವೆಂಬರ್ 15, ಮಧ್ಯಾಹ್ನ 2.10. ಹರಿಣಿ ಮತ್ತು ಡೂಲಿ ಪಕ್ಕದ ಊರು ಆಲ್ಡಿಯಲ್ಲಿರುವ ಮುರಳೀಧರರ ಮನೆಗೆ ಹೋದರು. ಐವತ್ತೊಂಬತ್ತರ ಮನುಷ್ಯ, ಪ್ರಾಜೆಕ್ಟ್ ಮ್ಯಾನೇಜರ್. ಹೆಂಡತಿ ಉಷಾ ಕೆಲಸಕ್ಕೆ ಹೋಗಿದ್ದರು. ಸೋಫಾದ ಮೇಲ್ಗಡೆ ಗಾಜು ಹಾಕಿಸಿದ ಹಳೆಯದೊಂದು ಕಾಗದ ತೂಗುಹಾಕಿತ್ತು.

"ಏನು ಸರ್ ಅದು?"

ಅವರ ಮುಖ ಅರಳಿತು. ಹನ್ನೆರಡು ವರ್ಷದಿಂದ ಅವರಿಗೆ ಅದೇ ಹುಚ್ಚು. ನೂರೆಂಬತ್ತು ವರ್ಷದ ಕೆಳಗೆ ಮೈಸೂರಿನಲ್ಲಿ ಥಾರ್ನ್‌ಬೆಕ್ ಎಂಬ ಇಂಗ್ಲಿಷ್ ಅಧಿಕಾರಿಯಿದ್ದ. ಅವನ ಕೈಕೆಳಗೆ ಶಿರಸ್ತೇದಾರರಾಗಿದ್ದವರು ಇವರ ಪೂರ್ವಜ ನರಸಪ್ಪ. ಪ್ರಾಮಾಣಿಕತೆಯನ್ನು ಮೆಚ್ಚಿ ದೊರೆಯೇ ಕೈಯಾರೆ ಬರೆದುಕೊಟ್ಟ ಪ್ರಶಂಸಾಪತ್ರ ಅದು. ಥಾರ್ನ್‌ಬೆಕ್ ಎಂಬ ಹೆಸರಿನ ಜಾಡು ಹಿಡಿದು ಹೊರಟ ಮುರಳೀಧರರಿಗೆ ಲೈಬ್ರರಿಯಲ್ಲಿ ಅರ್ಷದ್ ಜೊತೆಯಾಗಿದ್ದ. ಪ್ರತಿ ಶನಿವಾರ ಇಬ್ಬರೂ ಕೂತು ಹಳೆಯ ಕಾಗದ ಜಾಲಾಡುತ್ತಿದ್ದರು.

"ಇಲ್ಲೇ ಕೆರೊಲಿನಾದಲ್ಲಿ ಆ ದೊರೆಗಿಂತ ನೂರು ವರ್ಷ ಹಿಂದಿನ ಇಬ್ಬರು ಥಾರ್ನ್‌ಬೆಕ್ ಸಿಕ್ಕಿದ್ರಮ್ಮ. ಅಣ್ಣ ಕಡಲುಗಳ್ಳ, ತಮ್ಮ ಕಸ್ಟಮ್ಸ್ ಅಧಿಕಾರಿ. ಅಣ್ಣ ದೋಚಿದ ಮಾಲಿಗೆ ತಮ್ಮ ಸೀಲ್ ಒತ್ತಿ ಕೊಡ್ತಿದ್ದ. ಪಾಲು ಹಂಚೋದ್ರಲ್ಲಿ ಜಗಳ ಬಂದಾಗ ಅಣ್ಣನ್ನ ಗಲ್ಲಿಗೆ ಹಾಕಿಸಿದ್ದೂ ಅವನೇ. ಆ ತಮ್ಮನ ವಂಶದೋನೇ ನಮ್ಮ ಮೈಸೂರಿಗೆ ಬಂದಿದ್ದು."

"ಶನಿವಾರ ಅರ್ಷದ್ ಸಿಕ್ಕಿದ್ರಾ?"

"ಇಲ್ಲ. ಲೈಬ್ರರಿಲಿ ಕಾದೆ, ಬರಲಿಲ್ಲ. ಬರೋ ಶನಿವಾರ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಅವನದ್ದೇ ಭಾಷಣ ಇತ್ತು, ಈ ಥಾರ್ನ್‌ಬೆಕ್ ಕತೆ ಮೇಲೆ. ಪಾಪ."

"ಅವರು ಒಂದು ಡಬ್ಬಿ ತಗೊಂಡು ಹೊರಟಿದ್ರಂತೆ."

"ನನ್ನ ಕಾರಲ್ಲಿ ಯಾವ ಡಬ್ಬೀನೂ ಇಲ್ಲ."

ಕಾರಿನ ಮಾತು ಎತ್ತಿದವರಾರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಹರಿಣಿ ಅದನ್ನು ಬರೆದುಕೊಂಡಳು. ಬುಧವಾರ ಲೈಬ್ರರಿ ಕ್ಯಾಮೆರಾದ ಚಿತ್ರಗಳೆಲ್ಲವನ್ನೂ ಡೂಲಿ ಕೂತು ನೋಡಿದ. ಶನಿವಾರ ಮುರಳೀಧರ ಅತ್ತ ಸುಳಿದೇ ಇರಲಿಲ್ಲ. ಸುಳ್ಳು ಹೇಳಿದರೆಂದು ಗೊತ್ತಾಯಿತು, ಆದರೆ ಸುಳ್ಳು ಹೇಳಿದವರೆಲ್ಲ ಕೊಲೆಗಾರರಲ್ಲ. ಸರ್ಕಾರಿ ವಕೀಲರು ಇಷ್ಟು ಸಾಲದು ಅಂದರು.

ಗುರುವಾರ, ನವೆಂಬರ್ 17, ಸಂಜೆ 5.30. ಹರಿಣಿ ವಜೀಹಾಳ ಅಪಾರ್ಟ್‌ಮೆಂಟಿನಲ್ಲಿ ಹೇಳಿಕೆ ಬರೆದುಕೊಳ್ಳುತ್ತಿದ್ದಳು. ಬಾಗಿಲು ತಟ್ಟಿದ ಸದ್ದಾಯಿತು. ಉಷಾ ಬಂದಿದ್ದರು. ಬಂದವರೇ ವಜೀಹಾಳನ್ನು ತಬ್ಬಿಕೊಂಡು ಅತ್ತರು, ಆಮೇಲೆ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

"ಏನೂ ತಿಂದಿರಲ್ಲಮ್ಮ ನೀನು. ಮೊಸರನ್ನ ಕಲಸಿ ತಂದಿದೀನಿ. ನಿನ್ನ ಡಬ್ಬಿ ನಮ್ಮನೇಲೇ ಇತ್ತು. ಖಾಲಿ ಡಬ್ಬಿ ವಾಪಸ್ ಕೊಡಬಾರದಲ್ವಾ? ಸಾವಿನ ಮನೆಗೆ ಸಿಹಿ ತರೋ ಹಾಗಿಲ್ಲ, ಅದಕ್ಕೇ..."

ವಜೀಹಾ ಮುಚ್ಚಳದ ಮೇಲಿನ ಹೆಸರಿನ ಮೇಲೆ ಬೆರಳಾಡಿಸಿದಳು.

"ಆಂಟಿ, ನಾನು ಪೊಲೀಸ್," ಎಂದಳು ಹರಿಣಿ. "ಈ ಡಬ್ಬಿ ಎಲ್ಲಿ ಸಿಕ್ತು?"

"ಇವರ ಕಾರಲ್ಲಿ, ಹಿಂದಿನ ಸೀಟಲ್ಲಿ. ಶನಿವಾರ ಸಂಜೆ ಗ್ರೋಸರಿ ಇಳಿಸ್ಕೊಳ್ಳೋವಾಗ."

"ಏನಿತ್ತು ಒಳಗೆ?"

"ಕೊಬ್ಬರಿ ಮಿಠಾಯಿ. ಅರ್ಷದ್ ಕೊಟ್ಟನಾ ಅಂದೆ. ಹೂಂ, ಹೋದ ವಾರ ಕೊಟ್ಟಿದ್ದು, ಮರೆತಿದ್ದೆ ಅಂದ್ರು."

"ನಿಮ್ಮವರೂ ತಿಂದ್ರಾ?"

"ಎರಡು ತಿಂದ್ರು." ಉಷಾ ಹರಿಣಿಯ ಮುಖ ನೋಡಿದರು, ಆಮೇಲೆ ವಜೀಹಾಳ ಮುಖ. "ಯಾಕಮ್ಮ? ಏನಾಯ್ತು?"

ಹರಿಣಿ ಮೊಸರನ್ನದ ಸಮೇತ ಡಬ್ಬಿಯನ್ನು ಸಾಕ್ಷ್ಯದ ಚೀಲಕ್ಕೆ ಹಾಕಿ, ಹೊತ್ತು ಬರೆದು, ಉಷಾರ ಕೈಯಲ್ಲೇ ಸಹಿ ಹಾಕಿಸಿಕೊಂಡಳು. ಹೋದ ಗುರುವಾರವಷ್ಟೇ ಅಮೆರಿಕಕ್ಕೆ ಬಂದಿಳಿದ ಡಬ್ಬಿ ಅದರ ಹಿಂದಿನ ವಾರವೇ ಅವರ ಕಾರು ಸೇರಿರಲು ಹೇಗೆ ಸಾಧ್ಯ? ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ ಹರಿಣಿಗೆ ತನ್ನ ಕೆಲಸದ ಮೇಲೆ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ.

ಶುಕ್ರವಾರ, ನವೆಂಬರ್ 18, ಬೆಳಿಗ್ಗೆ 7.45. ವಾರಂಟ್ ಹಿಡಿದು ಹೋದಾಗ ಮುರಳೀಧರ ಅಡಿಗೆಮನೆಯಲ್ಲಿದ್ದರು. ಕಪಾಟುಗಳೆಲ್ಲ ತೆರೆದು ಬಿದ್ದಿದ್ದವು. ಮೂರು ದಿನದಿಂದ ಡಬ್ಬಿ ಹುಡುಕುತ್ತಿದ್ದರಂತೆ. ಮೂವತ್ತು ವರ್ಷ ಸಂಸಾರ ಮಾಡಿದ ಗಂಡಸಿಗೆ ತನ್ನ ಮನೆಯಲ್ಲಿ ಡಬ್ಬಿ ಎಲ್ಲಿಡುತ್ತಾರೆಂದು ಗೊತ್ತಿರಲಿಲ್ಲ. ಹೆಂಡತಿಯನ್ನು ಕೇಳುವ ಧೈರ್ಯವೂ ಇರಲಿಲ್ಲ. ಕೈಗೆ ಬೇಡಿ ಬೀಳುವಾಗ ಉಷಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

ಠಾಣೆ, 9.30. ಆರೋಪಿಯ ಹಕ್ಕುಗಳನ್ನು ಓದಿ ಹೇಳಿ ಸಹಿ ಹಾಕಿಸಿಕೊಂಡ ಮೇಲೆ ಹರಿಣಿ ಶುರುಮಾಡಿದಳು.

"ಪಾರ್ಕಿಗೆ ಯಾರು ಕರೆದ್ರು?"

"ಅವನೇ. ಒಬ್ಬರೇ ಬನ್ನಿ ಅಂಕಲ್, ಮಾತಾಡಬೇಕು ಅಂದ. ಕೆರೊಲಿನಾದ ಚಾರ್ಲ್ಸ್‌ಟನ್‌ಗೆ ಹೋಗಿದ್ದ. ನಮ್ಮ ಮೈಸೂರಿನ ದೊರೆ ತನ್ನ ತಮ್ಮನಿಗೆ ಬರೆದ ಕಾಗದ ಅಲ್ಲಿ ಸಿಕ್ಕಿದೆ ಅಂದ, ಓದಿ ಹೇಳಿದ."

"ಏನಿತ್ತು ಅದರಲ್ಲಿ?"

ಮುರಳೀಧರ ಕಣ್ಣುಮುಚ್ಚಿ ಒಪ್ಪಿಸಿದರು. "ಮಳೆಗಾಲಕ್ಕೆ ಮುಂಚೆ ಮೂವರು ನೇಕಾರರನ್ನು ನೇಣಿಗೆ ಹಾಕಬೇಕಿತ್ತು. ಸಾಕ್ಷಿ ಇರಲಿಲ್ಲ. ನನ್ನ ಶಿರಸ್ತೇದಾರ ನರಸಪ್ಪ ಸಾಕ್ಷಿಗಳನ್ನು ಹುಟ್ಟಿಸಿಕೊಟ್ಟ. ಅವನಿಗೊಂದು ಹೊಗಳಿಕೆ ಕಾಗದ ಗೀಚಿ ಕೊಟ್ಟಿದ್ದೇನೆ. ಈ ಜನಕ್ಕೆ ಅಷ್ಟು ಸಾಕು."

"ಆಮೇಲೆ?"

"ಬರೋ ಶನಿವಾರ ಭಾಷಣ ಅಂದ. ಮುಂದೆ ಏನೋ ಹೇಳೋಕೆ ಬಂದ. ನನಗೆ ಕೇಳೋಕಾಗಲಿಲ್ಲ. ಐನೂರು ಜನ ಕೂತಿರ್ತಾರೆ, ನನ್ನ ಮಕ್ಕಳು, ಬೀಗರು. ತಳ್ಳಿದೆ."

"ಬಿದ್ದ ತಕ್ಷಣ ಸತ್ರಾ?"

"ಇಲ್ಲ. ‘ಅಂಕಲ್, ಕೈ ಕೊಡಿ’ ಅಂದ."

"ಎಷ್ಟು ಹೊತ್ತು?"

"ಹತ್ತು ನಿಮಿಷ ಇರಬಹುದು."

"ನಿಮ್ಮ ಹತ್ರ ಫೋನ್ ಇರಲಿಲ್ವಾ?"

"ಇತ್ತು. ಬದುಕಿದ್ರೆ ಅದನ್ನ ಓದ್ತಾನಲ್ಲ."

ಡಬ್ಬಿ ಅವರ ಕಾರಿಗೆ ಬಂದದ್ದು ಹೇಗೆಂದರೆ, ಕಂಡ ಕೂಡಲೇ ಮೊದಲು ಅದನ್ನೇ ಕೊಟ್ಟು ಸೀಟಿನ ಮೇಲೆ ಇಟ್ಟಿದ್ದ ಅರ್ಷದ್. ಸಿಹಿ ಕೊಟ್ಟು ಕಹಿ ಸುದ್ದಿ ಹೇಳೋಣವೆಂದು ಇದ್ದಿರಬೇಕು.

ಮಧ್ಯಾಹ್ನ 1.15ಕ್ಕೆ ತಾಂತ್ರಿಕ ವಿಭಾಗದವರು ಅರ್ಷದನ ಲ್ಯಾಪ್‌ಟಾಪ್ ತೆರೆದು, ಭಾಷಣದ ಪ್ರತಿ ಮುದ್ರಿಸಿ ಕಳಿಸಿದರು. ಇಪ್ಪತ್ತೆರಡು ಹಾಳೆ. ಅರ್ಷದ್ ಕೊನೆಯ ಸಲ ತಿದ್ದಿದ್ದು ಸಾಯುವ ಹಿಂದಿನ ದಿನ, ಶುಕ್ರವಾರ ಸಂಜೆ. ಹರಿಣಿ ಎರಡು ಸಲ ಓದಿದಳು. ಕೇಸಿಗೆ ಅದರ ಅಗತ್ಯವಿರಲಿಲ್ಲ, ತಪ್ಪೊಪ್ಪಿಗೆ ಆಗಲೇ ರೆಕಾರ್ಡ್ ಆಗಿತ್ತು. ಆದರೂ ಅವಳು ಹಾಳೆಗಳನ್ನು ಹಿಡಿದು ಮತ್ತೆ ಆ ಕೋಣೆಗೆ ಹೋದಳು. ಕರುಣೆಯಿಂದ ಹೋದಳೆಂದು ಯಾರೂ ತಿಳಿಯಬೇಕಾಗಿಲ್ಲ.

ಮುರಳೀಧರ ಒಂದೊಂದೇ ತಿರುವಿದರು. ಕಡಲುಗಳ್ಳ ಬಂದ, ಗಲ್ಲು ಬಂತು, ಕಸ್ಟಮ್ಸ್ ಅಧಿಕಾರಿ ಬಂದ. ಥಾರ್ನ್‌ಬೆಕ್ ಮೈಸೂರಿಗೆ ಬಂದಿಳಿದಲ್ಲಿಗೆ ಹಾಳೆ ಮುಗಿಯಿತು.

"ಕೊನೇ ಪೇಜ್ ಎಲ್ಲಿ?"

"ಅದೇ ಕೊನೇದು. ನರಸಪ್ಪನವರ ಹೆಸರನ್ನ ಅರ್ಷದ್ ಸಾಯೋ ಹಿಂದಿನ ದಿನಾನೇ ತೆಗೆದುಹಾಕಿದ್ರು. ಅದನ್ನ ಹೇಳೋಕೇ ನಿಮ್ಮನ್ನ ಕರೆದಿದ್ದು."

ಮುರಳೀಧರ ಹಾಳೆಗಳನ್ನು ಜೋಡಿಸಿಕೊಂಡು, ಮತ್ತೆ ಮೊದಲಿನಿಂದ ಹುಡುಕತೊಡಗಿದರು.