ಹೊರಗಿನಿಂದ ಬಂದ ಪರೀಕ್ಷಕ

"ನಮಸ್ಕಾರ ಮೇಡಂ. ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕ ನಾನೇ."

ಆ ದನಿ ಕೇಳಿದ್ದೇ ತಡ, ರಸಾಯನಶಾಸ್ತ್ರದ ಟೀಚರ್ ಕೈಯಲ್ಲಿದ್ದ ಬೀಕರ್ ಜಾರಿ ಸಿಂಕಿಗೆ ಬಿದ್ದು ಚೂರುಚೂರಾಯಿತು.

ಇವರು!

ವರ್ಷಗಳ ಹಿಂದೆ ಅವಳು ಬಿಟ್ಟು ಬಂದ ಗಂಡ ಪ್ರಯೋಗಾಲಯದ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದ. ಕಿವಿಯ ಬಳಿ ಕೂದಲು ನರೆತಿತ್ತು. ಮುಖ ಮಾತ್ರ ಅದೇ... ಏನೂ ನಡೆದೇ ಇಲ್ಲವೆಂಬಂಥ ಮುಖ!

"ಗಾಜು ಚುಚ್ಚೀತು, ಜೋಪಾನ," ಎಂದ.

"ಚುಚ್ಚಿಸಿಕೊಂಡು ಅಭ್ಯಾಸ ಇದೆ, ಸರ್."

'ಸರ್' ಎಂಬುದನ್ನು ಅವಳು ಹಲ್ಲು ಕಚ್ಚಿಕೊಂಡೇ ಹೇಳಿದಳು. ಅವನು ತಲೆ ತಗ್ಗಿಸಿ ಕುರ್ಚಿಯತ್ತ ನಡೆದ.

ಪರೀಕ್ಷೆ ಶುರುವಾಯಿತು. ಹುಡುಗಿಯರು ಥಯೋಸಲ್ಫೇಟ್ ದ್ರಾವಣಕ್ಕೆ ಆಮ್ಲ ಸುರಿದು, ಪಾತ್ರೆಯ ಅಡಿಯ ಕಾಗದದ ಮೇಲೆ ಗೀಚಿದ ಗುರುತು ಬಿಳಿ ಮಬ್ಬಿನಲ್ಲಿ ಮರೆಯಾಗುವವರೆಗೆ ಗಡಿಯಾರ ನೋಡುತ್ತಿದ್ದರು. ಬಿಸಿ ದ್ರಾವಣದಲ್ಲಿ ಗುರುತು ಬೇಗ ಮುಳುಗುತ್ತದೆ. ತಣ್ಣಗಿದ್ದರೆ ಕಾದು ಕಾದು ಕಣ್ಣು ನೋಯಬೇಕು.

ಅವರ ಮದುವೆಯ ಹೊಸತರಲ್ಲಿ ಅತ್ತೆ ಹೇಳಿ ನಗುತ್ತಿದ್ದರು, "ನನ್ನ ಸೊಸೆ ಬೆಂಕಿಕಡ್ಡಿ, ಮಗ ಒದ್ದೆ ಸೌದೆ. ದೇವರೇ ಗತಿ!"

ಆಗ ಅವಳೂ ನಗುತ್ತಿದ್ದಳು. ಆಮೇಲೆ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಅವಳಿಗೆ ಪ್ರಜ್ಞೆ ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಅವಳು ಗೋಡೆಗೆ ತಲೆ ಚಚ್ಚಿಕೊಂಡು ಅತ್ತಳು. ಅವನು ಒಂದು ಹನಿ ಕಣ್ಣೀರು ಹಾಕಲಿಲ್ಲ. ಒಂದು ವಾರ ಕಳೆಯುವುದರೊಳಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಲೇಜಿಗೆ ಪಾಠ ಮಾಡಲು ಹೊರಟ!

"ಕಲ್ಲು ನೀವು! ಕಲ್ಲಿನ ಜೊತೆ ಬಾಳೋಕೆ ನನ್ನಿಂದಾಗಲ್ಲ," ಎಂದು ತವರಿಗೆ ಬಂದವಳು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಅವನೂ ಕರೆಯಲು ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೌಖಿಕ ಪರೀಕ್ಷೆ. ತರಗತಿಯ ಜಾಣೆ, ಎಲ್ಲರೂ 'ಚಿಲಿಪಿಲಿ' ಎಂದು ಕರೆಯುವ ಹುಡುಗಿ, ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಳು.

"ಏನಾಯ್ತೇ?"

"ಮುಚ್ಚಿದ ಕೊಳವೇಲಿ ಕಂದು ಅನಿಲ ತೋರಿಸಿದ್ರು ಮಿಸ್. ಬಣ್ಣ ಬದಲಾಗ್ತಿಲ್ಲ, ಹಾಗಾದ್ರೆ ಕ್ರಿಯೆ ನಿಂತಿದೆಯಾ ಅಂತ ಕೇಳಿದ್ರು. ನಾನು ನಿಂತಿದೆ ಅಂದ್ಬಿಟ್ಟೆ..." ಹುಡುಗಿ ಮತ್ತೆ ಬಿಕ್ಕಿದಳು.

ಟೀಚರ್ ನೆತ್ತಿಗೆ ಕೋಪ ಏರಿತು. ನನ್ನ ಮೇಲಿನ ಸೇಡು ಈ ಮಗುವಿನ ಮೇಲೆ ತೀರಿಸಿಕೊಳ್ಳೋದಾ?

ಕೊನೆಯ ಹುಡುಗಿ ಹೋಗುವವರೆಗೆ ಹೊರಗೇ ಕಾದಳು. ಆಮೇಲೆ ಒಳಗೆ ನುಗ್ಗಿ ಬಾಗಿಲು ದೂಡಿ ಮುಚ್ಚಿದಳು.

"ನನ್ನ ಮೇಲೆ ಸಿಟ್ಟಿದ್ರೆ ನನ್ನ ಹತ್ರ ತೀರಿಸ್ಕೊಳ್ಳಿ! ಆ ಹುಡುಗಿ ಏನು ಮಾಡಿದ್ಲು?"

ಅವನು ತಲೆಯೆತ್ತಿದ. "ಅವಳಿಗೆ ಪೂರ್ತಿ ಅಂಕ ಕೊಟ್ಟಿದೀನಿ."

"ಮತ್ತೆ ಯಾಕೆ ಅಳ್ತಿದ್ಲು?"

"ಮೊದಲು ತಪ್ಪು ಹೇಳಿದ್ಲು. ಯೋಚನೆ ಮಾಡಮ್ಮ, ಅವಸರ ಇಲ್ಲ ಅಂತ ಕಾದೆ. ಆಮೇಲೆ ಸರಿಯಾಗಿ ಹೇಳಿದ್ಲು. ಕ್ರಿಯೆ ನಿಂತಿಲ್ಲ, ಹೋಗೋದೂ ಬರೋದೂ ಒಂದೇ ವೇಗದಲ್ಲಿ ನಡೀತಿದೆ, ಅದಕ್ಕೇ ಹೊರಗೆ ಕಾಣಲ್ಲ ಅಂತ. ನೀನು ಚೆನ್ನಾಗಿ ಕಲಿಸಿದೀಯ. ತಡವಾಗಿ ಹೊಳೀತಲ್ಲ ಅಂತ ಅವಳಿಗೇ ಬೇಜಾರಾಯ್ತು ಅಷ್ಟೆ."

'ನೀನು' ಎಂದಿದ್ದ. ಅವಳು ಸ್ಟೂಲು ಎಳೆದುಕೊಂಡು ಕುಳಿತಳು.

"ನಾನು ಇಲ್ಲಿದ್ದೀನಿ ಅಂತ ಗೊತ್ತಿರಲಿಲ್ವಾ?"

"ಗೊತ್ತಿದ್ದಕ್ಕೇ ಬಂದೆ."

"ಈಗ! ಆಗ ಒಂದು ಸಲ ಬಂದು ಕರೆಯೋಕೆ ನಿಮ್ಮ ಕಾಲು ಸವೆದುಹೋಗ್ತಿತ್ತಾ?"

ಅವನು ಅಂಕಪಟ್ಟಿ ಮುಚ್ಚಿಟ್ಟ. "ಬಂದಿದ್ದೆ. ನಿನ್ನ ಅಣ್ಣ ಗೇಟಿನಲ್ಲೇ ತಡೆದ. 'ಅವಳಿಗೆ ನಿಮ್ಮ ಮುಖ ನೋಡೋಕೆ ಇಷ್ಟ ಇಲ್ಲ ಭಾವ, ಹೋಗಿ' ಅಂದ."

ಅಣ್ಣನ ಮೇಲೆ ಕೆಂಡ ಕಾರಲು ಬಾಯಿ ತೆರೆದವಳಿಗೆ ಥಟ್ಟನೆ ನೆನಪಾಯಿತು. ತವರಿಗೆ ಬಂದ ಮೊದಲ ದಿನವೇ ಕೂಗಿದ್ದಳಲ್ಲ, 'ಅವರು ಬಂದ್ರೆ ಒಳಗೆ ಬಿಡಬೇಡ ಅಣ್ಣಾ!' ಎಂದು. ಪಾಪ, ಅಣ್ಣ ಹೇಳಿದಷ್ಟು ಮಾಡಿದ್ದ. ಆಮೇಲೆ ತಾನು ಕಿಟಕಿಯ ಬಳಿ ಕಾದು ಕೂತದ್ದನ್ನು ಅಣ್ಣನಿಗೆ ಹೇಳಿದವರು ಯಾರು?



"ತಡೆದ್ರೆ? ಇನ್ನೊಂದು ಸಲ ಬರಬಾರದಿತ್ತಾ? ಗೇಟು ಹಾರಿ ಬರಬಾರದಿತ್ತಾ?"

"ಬರಬೇಕಿತ್ತು," ಎಂದ. "ನೀನು ಅಂದಿದ್ದಕ್ಕೆ ಏನು ಉತ್ತರ ಹೇಳಲಿ ಅಂತ ಯೋಚಿಸ್ತಾ ಕೂತೆ. ಕಲ್ಲು ಅಂದಿದ್ದೆಯಲ್ಲ... ನನ್ನ ಎದೆ ಕಲ್ಲಾಗೇ ಹೋಗಿತ್ತು. ನರ್ಸ್ ಮಗೂನ ನನ್ನ ಕೈಗೆ ಕೊಟ್ಟಿದ್ರು."



"ಏನಂದ್ರಿ?"

"ನಾನು ಎತ್ಕೊಂಡಿದ್ದೆ. ನಿನಗೆ ಪ್ರಜ್ಞೆ ಇರಲಿಲ್ಲ. ಮನೆಯವರು ಮಣ್ಣು ಮಾಡೋಕೆ ಬೇಗ ಬೇಗ ಅಂತಿದ್ರು. ನೀನು ನೋಡದೆ ಇದ್ದದ್ದನ್ನ ನಾನು ನೋಡ್ಬಿಟ್ಟೆ. ಅದನ್ನ ನಿನಗೆ ಹೇಗೆ ಹೇಳಲಿ? ನಾಲಿಗೆ ಏಳ್ಲೇ ಇಲ್ಲ."

ಅವಳು ಎದ್ದು ಅವನ ಎದೆಗೆ ಗುದ್ದಿದಳು. ಒಮ್ಮೆ, ಮತ್ತೊಮ್ಮೆ. "ಇಷ್ಟು ವರ್ಷ ನನ್ನ ಮಗಳ ಮುಖ ನೀವೊಬ್ರೇ ಇಟ್ಕೊಂಡಿದ್ರಾ! ಇದನ್ನ ಹ್ಯಾಗೆ ಕ್ಷಮಿಸಲಿ ನಾನು?"

"ಕ್ಷಮಿಸು ಅಂತ ಕೇಳೋಕೆ ಬಂದಿಲ್ಲ. ಹೇಳೋಕೆ ಬಂದೆ."

ಹೊರಗೆ ಹುಡುಗಿಯರ ಗಲಾಟೆ ದೂರವಾಗುತ್ತಿತ್ತು. ಸಿಂಕಿನಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಅವನೆದುರು ಕುಳಿತಳು.

"ಯಾರ ಹಾಗಿದ್ಲು?"

"ಗದ್ದ ನಿನ್ನದೇ. ಮುಷ್ಟಿ ಗಟ್ಟಿಯಾಗಿ ಹಿಡ್ಕೊಂಡಿದ್ಲು."

"ಕೂದಲು?"

"ತುಂಬಾ ಇತ್ತು. ಒದ್ದೆಯಾಗಿ ಹಣೆಗೆ ಅಂಟ್ಕೊಂಡಿತ್ತು. ನಾನೇ ಹಿಂದಕ್ಕೆ ಸವರಿದೆ."

"ಯಾವ ಕೈಯಲ್ಲಿ?"

ಅವನು ಬಲಗೈ ಚಾಚಿದ. ಅವಳು ಆ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

ಆಗ ಅವನು ಅತ್ತ. ಭುಜ ಕುಲುಕುವಂತೆ, ಮಕ್ಕಳು ಅಳುವಂತೆ ಅತ್ತ.

"ಈಗ ಅಳ್ತೀರಾ?"

"ತುಂಬಾ ತಡ ಆಯ್ತು, ಅಲ್ವಾ?"

"ಆಯ್ತು," ಎಂದಳು. ಕೈ ಮಾತ್ರ ಬಿಡಲಿಲ್ಲ. "ಹೇಳಿ... ಕಣ್ಣು ಹೇಗಿತ್ತು?"