ನಾಲ್ಕನೇ ನಂಬರ್ ಸಿಸ್ಟಮ್, ಮುಂದೆ ನೋಡಿ

"ಅಯ್ಯೋ... ನನ್ನ ಕಾಲು! ಯಾರ್ರೀ ಅದು, ಬಿಡ್ರೀ!"

ನಾಗವೇಣಿಯ ಕೂಗಿಗೆ ಆಟದಲ್ಲಿ ಮುಳುಗಿದ್ದವರೆಲ್ಲ ತಿರುಗಿ ನೋಡಿದರು. ಮೇಜಿನ ಕೆಳಗಿಂದ ಒಂದು ತಲೆ ಹೊರಬಂತು. ಕೂದಲ ತುಂಬಾ ಧೂಳು, ತುಟಿಗಳ ನಡುವೆ ಮೂರು ಸ್ಕ್ರೂ, ಕೈಯಲ್ಲಿ ಅವಳ ಪಾದ!

"ಸಾರಿ ಮೇಡಂ... ವೈರ್ ಅಂದ್ಕೊಂಡೆ."

"ನನ್ನ ಕಾಲು ನಿಮಗೆ ವೈರ್ ಥರ ಕಾಣ್ಸುತ್ತಾ?"

"ಇಲ್ಲ ಮೇಡಂ. ಈ ಗಂಟಿನೊಳಗೆ ಏನೂ ಕಾಣ್ಸಲ್ಲ. ಅದೇ ಪ್ರಾಬ್ಲಮ್ಮು."

ಅವಳಿಗೆ ಕೋಪದ ನಡುವೆಯೂ ನಗು ಬಂದುಬಿಟ್ಟಿತು.

ಅದು ಎರಡು ಸಾವಿರದ ಏಳನೇ ಇಸವಿ. ಚಿಂತಾಮಣಿಯ ಚೇಳೂರು ರಸ್ತೆಯಲ್ಲಿ ನಾಗವೇಣಿ ಆರು ಕಂಪ್ಯೂಟರ್ ಇಟ್ಟು ಗೇಮ್ ಸೆಂಟರ್ ತೆರೆದು ಎರಡೇ ತಿಂಗಳಾಗಿತ್ತು. ಜಾಯ್‌ಸ್ಟಿಕ್‌ಗಳೆಲ್ಲ ಕಂಪ್ಯೂಟರ್ ಕ್ಯಾಬಿನೆಟ್ಟಿನ ಹಿಂಬದಿಯ ಪೋರ್ಟುಗಳಲ್ಲಿದ್ದವು. ಆಟದ ಆವೇಶದಲ್ಲಿ ಯಾರಾದರೂ ಎಳೆದರೆ ಇಡೀ ಸಿಸ್ಟಮ್ಮೇ ಮೇಜಿನ ಮೇಲೆ ಜಾರುತ್ತಿತ್ತು. ಹಿಂದೆ ನೋಡಿದರೆ ವೈರುಗಳ ರಾಶಿ. ಕೆಂಚಾರ್ಲಹಳ್ಳಿಯ ರೇಷ್ಮೆ ಮನೆತನದ ಹುಡುಗಿ ಅವಳು. ಕುದಿಯುವ ಗೂಡುಗಳ ನಡುವೆ ಎಳೆಯ ತುದಿ ಹುಡುಕಬಲ್ಲ ಬೆರಳುಗಳು ಈ ಗಂಟಿನ ಮುಂದೆ ಸೋತುಹೋಗಿದ್ದವು. ಅದಕ್ಕೇ ಮುರುಗಮಲ್ಲದ ಮೆಕ್ಯಾನಿಕ್ ಚನ್ನಕೇಶವನನ್ನು ಕರೆಸಿದ್ದಳು.

ಅವನು ಕ್ಯಾಬಿನೆಟ್ಟಿನ ಮುಂಭಾಗದಲ್ಲಿದ್ದ ಪುಟ್ಟ ಮುಚ್ಚಳವನ್ನು ಉಗುರಿನಿಂದ ಎತ್ತಿದ. "ಮುಂದೇನೇ ಪೋರ್ಟ್ ಇದೆಯಲ್ಲ, ಇಲ್ಲಿಗ್ಯಾಕೆ ಹಾಕಲ್ಲ?"

"ಅದು ಕೆಲಸ ಮಾಡಲ್ಲ ಕಣ್ರೀ."

"ಹೆಂಗ್ ಮಾಡುತ್ತೆ? ಒಳಗೆ ಕನೆಕ್ಷನ್ನೇ ಕೊಟ್ಟಿಲ್ಲ. ಜೋಡ್ಸಿದೋರಿಗೆ ಸೋಮಾರಿತನ. ನಾನ್ ಮಾಡ್ಕೊಡ್ತೀನಿ ಬಿಡಿ."

ಒಂದು ಮಧ್ಯಾಹ್ನದ ಕೆಲಸ ಅದು. ಪುಣ್ಯಾತ್ಮ ದಿನಕ್ಕೊಂದರಂತೆ ಆರು ದಿನ ಮಾಡಿದ! ಎರಡನೇ ದಿನವೇ ನಾಗವೇಣಿಗೆ ಗುಟ್ಟು ತಿಳಿಯಿತು. ಆದರೂ ಬಾಯಿ ಬಿಡಲಿಲ್ಲ. ನೇತಾಡುವ ವೈರು ಕಣ್ಣಿಗೆ ಬಿದ್ದರೆ ಅವಳಿಗೆ ಆಗದು; ಅವನ್ನು ಕಟ್ಟಲು ಮನೆಯಿಂದ ಕೆಂಪು ರೇಷ್ಮೆ ದಾರ ತಂದುಕೊಟ್ಟಳು. ಕೆಲಸ ಮುಗಿದ ಮೇಲೂ ಅವನು ಬರುತ್ತಲೇ ಇದ್ದ. ಒಂದು ದಿನ ಮೌಸ್ ಒರೆಸಲು, ಇನ್ನೊಂದು ದಿನ ಸುಮ್ಮನೆ... ಅವಳೂ ಬಾಗಿಲ ಕಡೆ ನೋಡುತ್ತಲೇ ಇದ್ದಳು.

ಅಷ್ಟರಲ್ಲಿ ಶಿಡ್ಲಘಟ್ಟದಿಂದ ಸಂಬಂಧ ಬಂತು.

"ಏಮೇ, ಹುಡುಗ ಬಂಗಾರದಂಥೋನು. ಭಾನುವಾರ ಬರ್ತಾರಂತೆ. ಶನಿವಾರದೊಳಗೆ ಹೂಂ ಅಂದುಬಿಡಮ್ಮ," ಎಂದರು ಅಮ್ಮ ವೆಂಕಟರತ್ನಮ್ಮ.

ಸೋಮವಾರ ಚನ್ನಕೇಶವ ನಾಲ್ಕನೇ ನಂಬರ್ ಸಿಸ್ಟಮ್ಮಿನ ಜಾಯ್‌ಸ್ಟಿಕ್ ಪಕ್ಕಕ್ಕಿಟ್ಟು, ಧೂಳು ತೆಗೆದು ಸ್ಕ್ರೂ ಹಾಕುತ್ತಿದ್ದ. ನಾಗವೇಣಿ ಹತ್ತಿರ ಹೋದಳು.

"ಭಾನುವಾರ ನನ್ನ ನೋಡಕ್ಕೆ ಬರ್ತಿದ್ದಾರೆ..."

ಅವನ ಕೈ ನಿಂತಿತು.

"ನಿಮಗೇನೂ ಹೇಳೋದಿಲ್ವಾ?"

ಅವನ ಮುಖ ಕೆಂಪಾಯಿತು. ಬಾಗಿಲ ಕಡೆ ನೋಡಿದರೆ ವೆಂಕಟರತ್ನಮ್ಮ ಮೆಟ್ಟಿಲು ಹತ್ತುತ್ತಿದ್ದರು!

"ಮುಂದೆ ನೋಡಿ..." ಬಾಯಲ್ಲಿದ್ದ ಸ್ಕ್ರೂಗಳ ನಡುವೆಯೇ ಗೊಣಗಿ, ಚೀಲ ಎತ್ತಿಕೊಂಡು ಹೊರಟೇಬಿಟ್ಟ.

ಮುಂದೆ ನೋಡಿ! ಇಲ್ಲ ಎನ್ನಲು ಮುಖವಿಲ್ಲದವರು 'ಮುಂದೆ ನೋಡಣ' ಎಂದು ಜಾರಿಕೊಳ್ಳುವುದನ್ನು ಅವಳು ಎಷ್ಟು ಸಲ ಕೇಳಿಲ್ಲ?

'ಬೇಡ ಅಂತ ನೇರವಾಗಿ ಹೇಳ್ಬಹುದಿತ್ತಲ್ಲ... ನಾನೇ ಬಾಯಿಬಿಟ್ಟು ಕೇಳಿದ್ನಲ್ಲ!'

ಅವಮಾನ ಸಿಟ್ಟಾಯಿತು. ಮುಂದಿನ ಪೋರ್ಟುಗಳಲ್ಲಿದ್ದ ಐದೂ ಜಾಯ್‌ಸ್ಟಿಕ್ ಕಿತ್ತಳು. ಮೇಜಿನ ಮೇಲಿದ್ದ ನಾಲ್ಕನೆಯದನ್ನೂ ಸೇರಿಸಿ ಆರನ್ನೂ ಮತ್ತೆ ಹಿಂಬದಿಗೇ ಸಿಕ್ಕಿಸಿದಳು. 'ನಿಮ್ಮ ಮುಂದಿನ ಪೋರ್ಟ್ ನೀವೇ ಇಟ್ಕೊಳ್ಳಿ!'

ಮಂಗಳವಾರ ಅವನು ಬಾಗಿಲ ಹತ್ತಿರ ಸೈಕಲ್ ನಿಧಾನ ಮಾಡಿ, ಒಳಗೆ ಒಂದು ನೋಟ ಹಾಯಿಸಿ ಹೋದ. ಬುಧವಾರ, ಗುರುವಾರವೂ ಅಷ್ಟೇ. ಅವಳು ಮುಖ ತಿರುಗಿಸಿದಳು. ಶುಕ್ರವಾರ ಅವನು ಬರಲೇ ಇಲ್ಲ. ಬರಲಿಲ್ಲವೆಂದು ಅವಳು ಅತ್ತಳು.

ಶನಿವಾರ ಬೆಳಿಗ್ಗೆ ಅಮ್ಮ ಬಂದು ಕೌಂಟರಿನಲ್ಲಿ ಕೂತರು. "ಏನೇ, ಅವ್ರಿಗೆ ಏನ್ ಹೇಳ್ಲಿ?"

'ಯಾರಾದರೇನು ಇನ್ನು...' ಎಂದುಕೊಂಡು ನಾಗವೇಣಿ ಬಾಯಿ ತೆರೆದಳು.

"ಅಕ್ಕಾ! ನನ್ನ ಕಾರ್ ನಿಂತೋಯ್ತು!" ಕಾರ್ ರೇಸ್ ಆಡುತ್ತಿದ್ದ ಕಾಲೇಜು ಹುಡುಗಿ ಅಂಬರೀನ್ ನಾಲ್ಕನೇ ನಂಬರಿನಿಂದ ಕೂಗಿದಳು. ಎಳೆದೂ ಎಳೆದೂ ಹಿಂದಿನ ಪೋರ್ಟ್ ಸಡಿಲವಾಗಿ ಹೋಗಿತ್ತು.

ಬೇರೆ ದಾರಿಯಿಲ್ಲ. ನಾಗವೇಣಿ ಮುಂದಿನ ಮುಚ್ಚಳ ಎತ್ತಿದಳು. ಹುಣಸೆ ಬೀಜದಷ್ಟು ಚಿಕ್ಕದಾಗಿ ಮಡಚಿದ ಕಾಗದವೊಂದು ಕೆಳಗೆ ಬಿತ್ತು. ಅದಕ್ಕೆ ಸುತ್ತಿದ್ದುದು ಅವಳದೇ ಕೆಂಪು ದಾರ!

'ನಾಗವೇಣಿಯವರೇ, ಎದುರಿಗೆ ನಿಂತರೆ ಮಾತೇ ಬರಲ್ಲ, ಅದಕ್ಕೆ ಇಲ್ಲಿಟ್ಟಿದ್ದೀನಿ. ನೀವಂದ್ರೆ ನನಗೆ ತುಂಬಾ ಇಷ್ಟ. ಒಪ್ಪಿಗೆ ಇದ್ರೆ ಈ ಪೋರ್ಟಿಗೆ ಜಾಯ್‌ಸ್ಟಿಕ್ ಹಾಕಿ. ರಸ್ತೆಯಿಂದ ಕಾಣ್ಸುತ್ತೆ. ನಾನೇ ನಿಮ್ಮಮ್ಮನ ಮುಂದೆ ಬಂದು ಕೇಳ್ತೀನಿ. ಇಲ್ಲಾಂದ್ರೆ ಹಾಕ್ಬೇಡಿ, ಮತ್ತೆ ತೊಂದ್ರೆ ಕೊಡಲ್ಲ.'

ಮುಂದೆ ನೋಡಿ... ಅಂದರೆ ಮುಂಭಾಗದಲ್ಲಿ ನೋಡಿ!

'ಅಯ್ಯೋ ದೇವರೇ! ಮೂರು ದಿನ ಬಂದು ನೋಡಿದ್ರಲ್ಲ... ಒಂದಲ್ಲ, ಆರನ್ನೂ ಹಿಂದಕ್ಕೆ ಹಾಕಿದ್ನಲ್ಲ!' ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಅಮ್ಮಾ, ಶಿಡ್ಲಘಟ್ಟದೋರಿಗೆ ಬೇಡ ಅನ್ನು."

"ಏಮಾಯ್ತೇ ನಿನಗೆ?"

"ಹೇಳ್ತೀನಿ. ಇಲ್ಲೇ ಕೂತಿರಮ್ಮ, ಎಲ್ಲೂ ಹೋಗ್ಬೇಡ."

ಫೋನಿನಲ್ಲಿ ಚನ್ನಕೇಶವನ ನಂಬರ್ ಒತ್ತಿದಳು. "ನಾಲ್ಕನೇ ನಂಬರ್ ಸಿಸ್ಟಮ್ಮು... ಬಂದು ಮುಂದೆ ನೋಡಿ."

ಆ ಕಡೆಯಿಂದ ಒಂದೇ ಮಾತು. "ಬಂದೆ!"

ಚನ್ನಕೇಶವ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತ. ಆರೂ ಸಿಸ್ಟಮ್ಮುಗಳ ಮುಂದೆ ಆರು ಜಾಯ್‌ಸ್ಟಿಕ್ ವೈರು ಅಡ್ಡಾದಿಡ್ಡಿ ನೇತಾಡುತ್ತಿದ್ದವು. ಅವನ ಕಣ್ಣು ತುಂಬಿತು.

"ಒಂದ್ ಹಾಕಿದ್ರೆ ಸಾಕಿತ್ತಲ್ಲ... ವೈರು ಕಣ್ಣಿಗೆ ಕಂಡ್ರೆ ನಿಮಗೆ ಆಗಲ್ಲ."

"ಹಿಂದೆ ಹಾಕಿದ್ರೆ ನಿಮಗೆ ಕಾಣ್ಸಲ್ವಲ್ಲ..." ಅವಳು ಕೆಂಪು ದಾರದ ಕಾಗದವನ್ನು ಅವನ ಮುಂದೆ ಹಿಡಿದಳು. "ಕ್ಷಮಿಸಿ. ನನಗೆ ಅರ್ಥಾನೇ ಆಗಿರಲಿಲ್ಲ. ನನಗೂ ನೀವೇ ಬೇಕು."

ಇವತ್ತು ಅವನ ಬಾಯಲ್ಲಿ ಸ್ಕ್ರೂ ಇರಲಿಲ್ಲ.

"ಹಂಗಾದ್ರೆ... ಮುಂದೆ?"

ನಾಗವೇಣಿ ಕಣ್ಣೊರೆಸಿಕೊಂಡು, ಕೌಂಟರಿನ ಕಡೆ ಕೈ ತೋರಿಸಿದಳು.

"ಮುಂದೆ ನಮ್ಮಮ್ಮ ಕೂತಿದ್ದಾರೆ. ಕೇಳಿ."